ಹೊಯ್ಗೆ ಕೆದಕಬಾರದು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗುವುದು ಚುಕ್ಕಿ. ಸಂಜೆ ಆರೂಕಾಲಕ್ಕೆ. ಟ್ಯಾಂಕಿನ ಲೈಟು ಆರುವುದು ರಾತ್ರಿ ಒಂಬತ್ತಕ್ಕೆ. ಉಳಿದ ಮೀನುಗಳು ಅಲ್ಲಿಯವರೆಗೆ ಓಡಾಡಿಕೊಂಡೇ ಇರುತ್ತವೆ. ಚುಕ್ಕಿಗೆ ಲೈಟಿನ ಲೆಕ್ಕ ಬೇಡ. ಆರು ಗಂಟೆ ಆಗುತ್ತಿದ್ದಂತೆ ಬಲಗಡೆ ಬಂಡೆಯ ಬುಡಕ್ಕೆ ಬರುತ್ತದೆ. ಒಂದೆರಡು ಸುತ್ತು ಹಾಕುತ್ತದೆ. ತಲೆ ಓರೆ ಮಾಡಿ ಮರಳನ್ನು ನೋಡುತ್ತದೆ. ಆಮೇಲೆ ಒಂದೇ ಏಟಿಗೆ ಮರಳಿನೊಳಗೆ ನುಗ್ಗುತ್ತದೆ. ಬಾಲದ ತುದಿ ಎರಡು ಸಲ ಅಲ್ಲಾಡುತ್ತದೆ, ಅಷ್ಟೇ. ಮೇಲೆ ಒಂದು ಸಣ್ಣ ಗುಳಿ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ನೀರಿನ ಓಟಕ್ಕೆ ಅದೂ ಮುಚ್ಚಿಹೋಗುತ್ತದೆ.

ಹೀಗಾಗಿ ಏಳು ಗಂಟೆಗೆ ಕಾಫಿಗೆ ಬರುವ ನೆಂಟರಿಗೆ ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ. 'ಅದೇನೋ ಅಪರೂಪದ ಮೀನು ಅಂದಿದ್ರಲ್ಲ, ಎಲ್ಲಿ?' ಅಂತ ಕೇಳುತ್ತಾರೆ. ನಾನು ಮರಳು ತೋರಿಸುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ.

ಚುಕ್ಕಿ ಅನ್ನುವುದು ನನ್ನ ಎಂಟು ವರ್ಷದ ಮಗಳು ಇಟ್ಟ ಹೆಸರು. ಅಂಗಡಿಯವರು ಇದನ್ನು ಬ್ಲೂ ಸ್ಟಾರ್ ಲೆಪರ್ಡ್ ರಾಸ್ ಅನ್ನುತ್ತಾರೆ. ವಿಜ್ಞಾನದ ಹೆಸರು ಮ್ಯಾಕ್ರೋಫ್ಯಾರಿಂಗೊಡಾನ್ ಬೈಪಾರ್ಟಿಟಸ್. ಹೇಳುವಾಗ ನಾಲಿಗೆ ಒಂದು ಸಲ ಎಡವುತ್ತದೆ. ಅರ್ಥ ಮಾತ್ರ ಚೆನ್ನಾಗಿದೆ, ಗಂಟಲಲ್ಲಿ ದೊಡ್ಡ ಹಲ್ಲಿರುವ ಮೀನು. ಈ ಕುಲಕ್ಕೆ ಆ ಹೆಸರು ಕೊಟ್ಟವರು ಬ್ಲೀಕರ್ ಎಂಬ ಡಚ್ ಸೈನ್ಯದ ಡಾಕ್ಟರು, 1862ರಲ್ಲಿ. ಈ ಜಾತಿಯನ್ನು 1957ರಲ್ಲಿ ವಿವರಿಸಿದವರು ದಕ್ಷಿಣ ಆಫ್ರಿಕಾದ ಜೆ.ಎಲ್.ಬಿ. ಸ್ಮಿತ್. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋಯಿತು ಎಂದುಕೊಂಡಿದ್ದ ಸೀಲಕ್ಯಾಂತ್ ಮೀನನ್ನು ಗುರುತಿಸಿ ಹೆಸರಿಟ್ಟರಲ್ಲ, ಅವರೇ. ಪೂರ್ವ ಆಫ್ರಿಕಾದ ಕರಾವಳಿಯಿಂದ ಮಾಲ್ಡೀವ್ಸ್ ತನಕ, ಅಂದರೆ ನಮ್ಮ ಪಕ್ಕದ ನೀರಲ್ಲೇ, ಇದರ ವಾಸ. ಎಷ್ಟು ಬೆಳೆದರೂ 13 ಸೆಂಟಿಮೀಟರ್. ಬೆನ್ನು ಕಿತ್ತಳೆ, ಅದರ ಮೇಲೆ ಬಿಳಿ ಚುಕ್ಕಿ. ಎದೆ, ಹೊಟ್ಟೆ ಕಪ್ಪು, ಅಲ್ಲಿ ತಿಳಿನೀಲಿ ಚುಕ್ಕಿ. ಯಾರೋ ಎರಡು ಬೇರೆ ಮೀನುಗಳನ್ನು ಅಡ್ಡಕ್ಕೆ ಕತ್ತರಿಸಿ ಜೋಡಿಸಿದಂತೆ.

ರಾಸ್ ಅನ್ನುವುದಕ್ಕೆ ಕನ್ನಡದಲ್ಲಿ ಒಂದು ಹೆಸರು ಸಿಗುತ್ತದಾ ಅಂತ ನಾನು ತುಂಬ ದಿನ ಹುಡುಕಿದೆ. ಸಿಗಲಿಲ್ಲ. ನಮ್ಮ ಊರು ಕುಂದಾಪುರದ ಕಡೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ನಂಗ್ ಅಂತ ತಟ್ಟೆಗೆ ಬರುವ ಎಲ್ಲದಕ್ಕೂ ನಮ್ಮಲ್ಲಿ ಹೆಸರಿದೆ. ಬಂಡೆಯ ಸಂದಿಯಲ್ಲಿ ಬಣ್ಣ ಬಣ್ಣವಾಗಿ ಓಡಾಡಿಕೊಂಡು, ಬಲೆಗೂ ಬೀಳದೆ ಸಾರಿಗೂ ಬಾರದೆ ಇರುವ ಮೀನಿಗೆ ಯಾರು ಹೆಸರಿಡುತ್ತಾರೆ? ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಯ ರಾಸ್‌ಗಳಿವೆ. ಬೆರಳುದ್ದದವೂ ಇವೆ, ಎರಡು ಮೀಟರ್ ದಾಟುವ ಗೂನುತಲೆಯವೂ ಇವೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದರೆ ಹಸಿರು ಬಣ್ಣದ ಮೂನ್ ರಾಸ್ ಕಾಣಸಿಗುತ್ತದೆ. ನನಗೆ ಈ ಹುಚ್ಚು ಹತ್ತಿದ್ದು ಅಲ್ಲೇ. ಬಾಲದಿಂದ ಈಜದೆ, ಎದೆಯ ಪಕ್ಕದ ರೆಕ್ಕೆಗಳನ್ನು ಹಕ್ಕಿಯ ಹಾಗೆ ಬಡಿಯುತ್ತ ಅದು ಹೋಗುತ್ತಿತ್ತು. ಅದನ್ನು ನೋಡುತ್ತ ನಾನು ಉಸಿರಾಡುವುದನ್ನೇ ಮರೆತು ಗೈಡ್ ಹುಡುಗನಿಂದ ಬೈಸಿಕೊಂಡೆ.

ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಸಮುದ್ರ ಇಡುವುದು ಸ್ವಲ್ಪ ಹುಚ್ಚೇ ಸರಿ, ಒಪ್ಪುತ್ತೇನೆ. ನಮ್ಮ ಟ್ಯಾಂಕು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಸುಮಾರು 450 ಲೀಟರ್. ಬೋರ್‌ವೆಲ್ ನೀರು ಆಗುವುದಿಲ್ಲ. ಆರ್‌ಒ ಮಾಡಿ, ಅದನ್ನು ಇನ್ನೊಂದು ಫಿಲ್ಟರಿನಲ್ಲಿ ಶೋಧಿಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಪುಡಿ ಕಲಸಬೇಕು. ವಾರಕ್ಕೆ 40 ಲೀಟರ್ ನೀರು ಬದಲಾಯಿಸುತ್ತೇನೆ. ಅಂದರೆ ವಾರಕ್ಕೆ 1,400 ಗ್ರಾಂ ಉಪ್ಪು. ಒಂದು ಲೀಟರ್ ಒಳ್ಳೆ ನೀರಿಗೆ ಆರ್‌ಒ ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರಿಗಾಗಿ ಕಾಯುತ್ತಿದ್ದಾಗ ನನಗೆ ಈ ಲೆಕ್ಕ ನಿದ್ದೆಗೆಡಿಸಿತ್ತು. ಅಂದಿನಿಂದ ಆ ನೀರು ಪೂರ್ತಿ ಬಕೆಟ್ಟಿಗೆ ಹೋಗುತ್ತದೆ. ಮನೆ ಒರೆಸುವುದು, ಬಚ್ಚಲು ತೊಳೆಯುವುದು ಎಲ್ಲ ಅದರಲ್ಲೇ. ಹೆಂಡತಿ ಇದನ್ನು 'ನಿನ್ನ ಸಮುದ್ರದ ಪ್ರಾಯಶ್ಚಿತ್ತ' ಅನ್ನುತ್ತಾಳೆ.

ಹವಳದ ಬಗ್ಗೆಯೂ ಒಂದು ಮಾತು. ಕಲ್ಲಿನ ಗೂಡು ಕಟ್ಟುವ ಹವಳಗಳು ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಹುಲಿ ಇರುವ ಪಟ್ಟಿಯದು. ಸಮುದ್ರದಿಂದ ಕಿತ್ತು ತಂದ ತುಂಡನ್ನು ಯಾರಾದರೂ ಕೊಡಲು ಬಂದರೆ ಬೇಡ ಅನ್ನಬೇಕು. ನನ್ನ ಟ್ಯಾಂಕಿನಲ್ಲಿ ಇರುವುದು ಮೆತ್ತನೆಯ ಜಾತಿಗಳು, ಬಟನ್ ಪಾಲಿಪ್, ಅಣಬೆಯಂಥವು. ಇನ್ನೊಬ್ಬರ ಟ್ಯಾಂಕಿನಲ್ಲಿ ಬೆಳೆದದ್ದನ್ನು ಕತ್ತರಿಸಿ ಕೊಟ್ಟಿದ್ದು. ಬಂಡೆಯೂ ಮನುಷ್ಯರು ಮಾಡಿದ್ದೇ.

ಚುಕ್ಕಿ ನನ್ನ ಎರಡನೇ ಲೆಪರ್ಡ್ ರಾಸ್. ಮೊದಲನೆಯದಕ್ಕೆ ಹೆಸರಿಡುವಷ್ಟು ದಿನ ಸಿಗಲಿಲ್ಲ.

ಅದನ್ನು ತಂದಾಗ ಟ್ಯಾಂಕಿಗೆ ನಾಲ್ಕು ತಿಂಗಳು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪು ಸರಿ, ಶಾಖ 26 ಡಿಗ್ರಿ. ಪರೀಕ್ಷೆಯ ಕಿಟ್ಟಿನ ಎಲ್ಲ ಬಣ್ಣಗಳೂ ಸರಿಯಾಗಿದ್ದವು. ನಾನು ಇಂಜಿನಿಯರು. ಅಂಕಿ ಸರಿ ಇದ್ದರೆ ಎಲ್ಲ ಸರಿ ಅಂತ ನಂಬುವ ಜಾತಿ. ಅಂಗಡಿಯವನು ಫೋನ್ ಮಾಡಿ 'ಸಾರ್, ಲೆಪರ್ಡ್ ಬಂದಿದೆ, ಇವತ್ತೇ ಬನ್ನಿ' ಅಂದ. ಓಡಿದೆ. ಪ್ಲಾಸ್ಟಿಕ್ ಕವರಿನ ಮೂಲೆಯಲ್ಲಿ ಮೀನು ಮೂತಿ ಒತ್ತಿಕೊಂಡು ನಿಂತಿತ್ತು. ಮೂತಿಯ ತುದಿ ಒಂದು ಚೂರು ಬಿಳಿಚಿಕೊಂಡಿತ್ತು. ನೋಡಿದೆ, ಆದರೆ ನೋಡಿದ್ದನ್ನು ಯೋಚಿಸಲಿಲ್ಲ.

ಆ ಬಿಳಿಯ ಅರ್ಥ ನನಗೆ ತಿಳಿದಿದ್ದು ಆಮೇಲೆ. ಈ ಮೀನಿಗೆ ಹೆದರಿಕೆ ಆದರೆ, ಕತ್ತಲಾದರೆ, ಒಂದೇ ದಾರಿ. ಕೆಳಕ್ಕೆ ನುಗ್ಗುವುದು. ಸಮುದ್ರದಲ್ಲಿ ಕೆಳಗೆ ಮರಳಿರುತ್ತದೆ. ಕವರಿನಲ್ಲಿ ಪ್ಲಾಸ್ಟಿಕ್ ಇರುತ್ತದೆ. ವಿಮಾನದಲ್ಲಿ, ಗೋದಾಮಿನಲ್ಲಿ, ಅಂಗಡಿಯ ಬರಿಗಾಜಿನ ತೊಟ್ಟಿಯಲ್ಲಿ, ಪ್ರತಿ ರಾತ್ರಿ ಅದು ಮಲಗಲು ಪ್ರಯತ್ನಿಸುತ್ತದೆ. ಪ್ರತಿ ಸಲವೂ ಮೂತಿ ಗಟ್ಟಿ ನೆಲಕ್ಕೆ ಹೊಡೆಯುತ್ತದೆ. ಕೊನೆಗೆ ಬಾಯಿ ಊದಿ, ತಿನ್ನುವುದೇ ಆಗುವುದಿಲ್ಲ. ಮಲಗಲು ಹೋಗಿ ಬಾಯಿ ಒಡೆದುಕೊಳ್ಳುವ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ.

ಟ್ಯಾಂಕಿಗೆ ಬಿಟ್ಟ ಕೂಡಲೇ ಅದು ಮರಳಿಗೆ ನುಗ್ಗಿತು. ಮೊದಲ ದಿನ ಸಂಭ್ರಮಪಟ್ಟೆ. ಎರಡನೇ ದಿನ ಏಳಲಿಲ್ಲ. ಮೂರನೇ ದಿನವೂ ಇಲ್ಲ. ನನ್ನ ತಲೆಯೊಳಗೆ ಅದು ಆಗಲೇ ಸತ್ತು, ಕೊಳೆತು, ಅಮೋನಿಯಾ ಏರಿ, ಉಳಿದ ಮೀನುಗಳೂ ಸತ್ತಾಗಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಿಂದ ಪ್ಲಾಸ್ಟಿಕ್ ಸಟ್ಟುಗ ತಂದು ಮರಳು ಕೆದಕಿದೆ. ಮೀನು ಸಿಡಿದ ಹಾಗೆ ಮೇಲೆ ಬಂತು. ಬಂಡೆಗೆ ಬಡಿಯಿತು, ಗಾಜಿಗೆ ಬಡಿಯಿತು. ಕತ್ತಲಲ್ಲಿ ಇನ್ನೊಂದು ಮೂಲೆಗೆ ಹೋಗಿ ಹೂತುಕೊಂಡಿತು. ಬದುಕಿದೆ ಅಂತ ನನಗೆ ಸಮಾಧಾನವಾಯಿತು. ನಾಚಿಕೆಯ ವಿಷಯ ಏನೆಂದರೆ, ಐದನೇ ದಿನ ಮತ್ತೆ ಅದೇ ಕೆಲಸ ಮಾಡಿದೆ.

ಆರನೇ ದಿನ ತಾನಾಗಿ ಹೊರಗೆ ಬಂತು. ಸೀಗಡಿ ಚೂರು ಹಾಕಿದೆ. ಬಾಯಿಗೆ ಹಾಕಿಕೊಂಡು ಉಗುಳಿತು. ಮತ್ತೆ ಹಾಕಿಕೊಂಡಿತು, ಉಗುಳಿತು. ಹೊಟ್ಟೆ ಒಳಕ್ಕೆ ಸೇರಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಅಂಗಡಿಯವನು 'ಈ ಮೀನು ಹೀಗೇ ಸಾರ್, ಹತ್ತರಲ್ಲಿ ಒಂದು ನಿಲ್ಲುತ್ತೆ' ಅಂದ. ತರುವ ಮೊದಲು ಅದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ಈ ಮೀನಿನ ಸುದ್ದಿಗೆ ಹೋಗಲಿಲ್ಲ. ಸುಮ್ಮನೆ ಕೂರಲೂ ಇಲ್ಲ. ಮೀನು ಏನು ತಿನ್ನುತ್ತದೆ ಅಂತ ಓದತೊಡಗಿದೆ. ಗಂಟಲಿನ ಆ ದೊಡ್ಡ ಹಲ್ಲು ಯಾಕೆ ಇದೆ ಅಂತ ಆಗ ಗೊತ್ತಾಯಿತು. ಇದು ಸಾಸಿವೆ ಗಾತ್ರದ ಬಸವನಹುಳು, ಚಿಪ್ಪಿನ ಹುಳ ಇಂಥವನ್ನು ಹೆಕ್ಕಿ ಗಂಟಲಲ್ಲಿ ಅರೆಯುತ್ತದೆ. ಅದರ ಜೊತೆಗೆ ಫೊರಾಮಿನಿಫೆರಾ. ಒಂದೇ ಜೀವಕೋಶದ ಜೀವಿ, ಮೈಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಸತ್ತ ಮೇಲೆ ಆ ಗೂಡು ಹವಳದ ದಂಡೆಯ ಮರಳಿಗೆ ಸೇರುತ್ತದೆ. ಅಂದರೆ ಈ ಮೀನಿನ ಊಟವೂ ಮುಂದೆ ಮರಳಾಗುವಂಥದ್ದೇ, ಹಾಸಿಗೆಯೂ ಮರಳೇ. ನಾನು ನಾಲ್ಕು ತಿಂಗಳ ಟ್ಯಾಂಕಿನಲ್ಲಿ ಅದಕ್ಕೆ ಕೊಟ್ಟಿದ್ದು ಶುದ್ಧ ನೀರು, ಶುದ್ಧ ಗಾಜು, ತೊಳೆದ ಬಿಳಿ ಮರಳು. ಶುದ್ಧ ಉಪವಾಸ.

ಈ ಮೀನಿನ ಮೈಯಲ್ಲಿ ಕೂಡಿಟ್ಟ ಕೊಬ್ಬು ಕಡಿಮೆ. ದಿನವಿಡೀ ಒಂದೊಂದೇ ಕಾಳು ಹೆಕ್ಕುತ್ತ ಬದುಕುವ ಜೀವ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಕಿದರೆ ಸಾಲದು. ಹಾಗಾಗಿ ನಾನು ಮೊದಲು ಬೆಳೆಸಬೇಕಾಗಿದ್ದು ಮೀನಿನ ತಿಂಡಿಯನ್ನು. ರಾಜಾಜಿನಗರದ ಒಬ್ಬರು, ನಮ್ಮಂಥದೇ ಹುಚ್ಚಿನವರು, ನೀರಿನ ಬಾಟಲಿಯಲ್ಲಿ ಕೋಪಿಪಾಡ್ ಎಂಬ ಸೀಗಡಿ ಬಳಗದ ಅತಿಸಣ್ಣ ಜೀವಿಗಳನ್ನು ತುಂಬಿಸಿ ಕೊಟ್ಟರು. ಬರಿಗಣ್ಣಿಗೆ ತೇಲುವ ಧೂಳಿನ ಹಾಗಿತ್ತು. ಟ್ಯಾಂಕಿನ ಕೆಳಗಿರುವ ಸಂಪು, ಅಂದರೆ ನೀರು ಶೋಧಿಸುವ ತೊಟ್ಟಿಯ ಒಂದು ಕೋಣೆಯಲ್ಲಿ ತಂತಿ ಜುಂಗಿನಂಥ ಪಾಚಿ ಹಾಕಿ, ಅದಕ್ಕೆ ರಾತ್ರಿ ಹೊತ್ತು ಮಾತ್ರ ಒಂದು ದೀಪ ಕೊಟ್ಟು, ಅಲ್ಲಿ ಅವನ್ನು ಬಿಟ್ಟೆ. ಮೀನಿಲ್ಲದ ಜಾಗದಲ್ಲಿ ಅವು ಬೆಳೆಯಬೇಕು, ಹೆಚ್ಚಾದದ್ದು ಪಂಪಿನ ಜೊತೆ ಮೇಲೆ ಹೋಗಬೇಕು. ಎರಡು ತಿಂಗಳ ನಂತರ ಮಧ್ಯರಾತ್ರಿ ಟಾರ್ಚ್ ಹಿಡಿದು ನೋಡಿದರೆ ಗಾಜಿನ ಮೇಲೆಲ್ಲ ಚಿರೋಟಿ ರವೆ ಹರಿದಾಡುತ್ತಿತ್ತು. ಬಂಡೆಯ ಸಂದಿಯಲ್ಲಿ ಜೀರಿಗೆ ಗಾತ್ರದ ಆಂಫಿಪಾಡ್‌ಗಳು. ಆವತ್ತು ಮಗಳನ್ನು ಎಬ್ಬಿಸಿ ತೋರಿಸಿದೆ. ಅವಳು ಅರ್ಧ ಕಣ್ಣು ತೆರೆದು 'ಹೇನು' ಅಂತ ಹೇಳಿ ಮತ್ತೆ ಮಲಗಿದಳು.

ಮರಳನ್ನೂ ಬದಲಾಯಿಸಿದೆ. ಮೊದಲಿದ್ದದ್ದು ದಪ್ಪ ಹರಳು, ನೋಡಲು ಚಂದ. ಅದರೊಳಗೆ ನುಗ್ಗುವುದು ಅಂದರೆ ಜಲ್ಲಿ ರಾಶಿಯಲ್ಲಿ ಮಲಗಿದ ಹಾಗೆ. ಈಗ ಸಕ್ಕರೆಯಷ್ಟು ನುಣುಪಿನ ಮರಳು. ಎಲ್ಲ ಕಡೆ ಎರಡು ಇಂಚು, ಬಲಮೂಲೆಯಲ್ಲಿ ಮೂರು.

ಇನ್ನೊಂದು ಕೆಲಸ ಇತ್ತು. ಟ್ಯಾಂಕಿನಲ್ಲಿ ಒಂದು ಸಿಕ್ಸ್‌ಲೈನ್ ರಾಸ್ ಇತ್ತು. ಅದೂ ಇದೇ ಮನೆತನದ್ದೇ, ಮೈಮೇಲೆ ಆರು ಗೆರೆ. ನೋಡಲು ಮುದ್ದು, ಗುಣದಲ್ಲಿ ಬೀದಿ ರೌಡಿ. ಹೊಸದಾಗಿ ಬಂದ ಯಾರನ್ನೂ ಬಾಳಲು ಬಿಡುತ್ತಿರಲಿಲ್ಲ. ಜೊತೆಗೆ ಅದರ ಊಟವೂ ಕೋಪಿಪಾಡ್. ಅದನ್ನು ಹೊರಗೆ ಹಾಕದೆ ಲೆಪರ್ಡ್ ತರುವ ಹಾಗಿರಲಿಲ್ಲ. ಬಲೆ ಹಾಕಿದರೆ ಬಂಡೆಯ ಹಿಂದೆ. ಬಂಡೆ ಎತ್ತಿದರೆ ಇನ್ನೊಂದು ಬಂಡೆಯ ಹಿಂದೆ. ಕೊನೆಗೆ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಒಳಕ್ಕೆ ಸಿಕ್ಕಿಸಿ, ಒಳಗೆ ಸೀಗಡಿ ಇಟ್ಟೆ. ಊರಲ್ಲಿ ಹಳ್ಳಕ್ಕೆ ಕೂಣಿ ಇಡುತ್ತಾರಲ್ಲ, ಅದೇ ಉಪಾಯ. ಮೂರು ವಾರ ಹಿಡಿಯಿತು. ಟ್ಯಾಂಕಿನ ಉಳಿದ ಎಲ್ಲ ಮೀನೂ ಒಂದೊಂದು ಸಲ ಬಾಟಲಿಗೆ ಬಿದ್ದು ಹೋದವು. ಇದು ಮಾತ್ರ ಹೊರಗೆ ನಿಂತು ನೋಡುತ್ತಿತ್ತು. ರಾಸ್‌ಗಳ ಬುದ್ಧಿಯ ಬಗ್ಗೆ ನನಗೆ ಅಂದಿನಿಂದ ಗೌರವ. ಇದೇ ಕುಟುಂಬದ ಕ್ಲೀನರ್ ರಾಸ್ ಕನ್ನಡಿಯಲ್ಲಿ ತನ್ನನ್ನು ತಾನು ಗುರುತಿಸುವಂತೆ ವರ್ತಿಸುತ್ತದೆ ಅಂತ 2019ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದಾಗ ನನಗೆ ಆಶ್ಚರ್ಯ ಆಗಿತ್ತು. ಈ ಮೂರು ವಾರದ ಮೇಲೆ ಆಗುವುದಿಲ್ಲ.

ಚುಕ್ಕಿಯನ್ನು ತಂದದ್ದು ಬೇರೆ ಅಂಗಡಿಯಿಂದ. ಈ ಸಲ ಮೊದಲೇ ಹೋಗಿ ಒಂದು ಊಟದ ಡಬ್ಬಿ ತುಂಬ ಮರಳು ಕೊಟ್ಟು ಬಂದೆ. 'ಬಂದ ತಕ್ಷಣ ಇದನ್ನು ಅದರ ತೊಟ್ಟಿಯಲ್ಲಿ ಇಡಿ' ಅಂದೆ. ಅಂಗಡಿಯ ಹುಡುಗ ನಕ್ಕ. ಆದರೆ ಇಟ್ಟ. ನಾಲ್ಕು ದಿನ ಬಿಟ್ಟು ಹೋಗಿ ನೋಡಿದೆ. ಮೂತಿ ಸರಿ ಇತ್ತು. ನನ್ನ ಎದುರಿಗೇ ಜೀವಂತ ಆರ್ಟೀಮಿಯಾ, ಅಂದರೆ ಸೀಗಡಿಯಂಥ ಉಪ್ಪುನೀರಿನ ಸಣ್ಣ ಜೀವಿ, ಹಾಕಿಸಿದೆ. ಒಂದು, ಎರಡು, ಮೂರು ಅಂತ ಎಣಿಸಿದೆ. ಏಳು ತಿಂದಿತು. ದುಡ್ಡು ಕೊಟ್ಟೆ.

ಮನೆಗೆ ತಂದು ಬಿಟ್ಟೆ. ಬಿಟ್ಟ ಕೂಡಲೇ ಮರಳಿಗೆ ನುಗ್ಗಿತು. ಇದನ್ನು ನಾನು ಎದುರು ನೋಡುತ್ತಿದ್ದೆ. ದೂರದ ದೇಶದಿಂದ ಬಂದ ಲೆಪರ್ಡ್‌ಗಳು ಮೊದಮೊದಲು ಹಗಲಲ್ಲಿ ಮಲಗಿ ರಾತ್ರಿ ಏಳುತ್ತವೆ, ಅವುಗಳ ಗಡಿಯಾರ ಇನ್ನೂ ಊರಿನದೇ ಆಗಿರುತ್ತದೆ ಅನ್ನುತ್ತಾರೆ. ಚುಕ್ಕಿಗೆ ಆ ನೆಪ ಇರಲಿಲ್ಲ. ಅಂಗಡಿಯವರ ಪ್ರಕಾರ ಅದು ಮಾಲ್ಡೀವ್ಸಿನದು. ಅಲ್ಲಿಗೂ ಇಲ್ಲಿಗೂ ಇರುವುದು ಅರ್ಧ ಗಂಟೆಯ ವ್ಯತ್ಯಾಸ. ಅದು ಮಲಗಿದ್ದು ಬರೀ ಹೆದರಿಕೆಗೆ.

ಒಂದು ದಿನ. ಎರಡು. ನಾಲ್ಕು. ಆ ವಾರ ಅಮ್ಮ ಊರಿಂದ ಬಂದಿದ್ದರು. ಅಮ್ಮನಿಗೆ ಈ ಟ್ಯಾಂಕಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಸಮುದ್ರದ ಪಕ್ಕ ಅರವತ್ತು ವರ್ಷ ಇದ್ದವರಿಗೆ ಗಾಜಿನೊಳಗಿನ ಸಮುದ್ರ ಯಾಕೆ? ನಾನು ಕೆಲಸದ ಮಧ್ಯೆ ಹತ್ತು ಸಲ ಎದ್ದು ಬಂದು ಗಾಜಿಗೆ ಮೂಗು ಒತ್ತುವುದನ್ನು ಅವರು ನೋಡುತ್ತಿದ್ದರು. ಐದನೇ ದಿನ ಕೇಳಿದರು, 'ಎಂತ ಹುಡ್ಕುದ್ ನೀನ್?'

ಹೇಳಿದೆ. ಮೀನು ಮರಳೊಳಗೆ ಹೋಗಿದೆ, ಐದು ದಿನ ಆಯಿತು, ಕಾಣೆ.

'ಕಾಣೆಯೂ ಹಾಂಗೇ ಮಾಡುದಲ್ದಾ?' ಅಂದರು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅವರು ಹೇಳಿದ್ದು ಕಾಣೆ ಮೀನನ್ನು. ರವೆ ಹಚ್ಚಿ ಹುರಿದದ್ದನ್ನು ನಾನು ಹುಟ್ಟಿದಾಗಿನಿಂದ ತಿಂದಿದ್ದೇನೆ. ಅದು ಹೇಗೆ ಬದುಕುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಗಂಗೊಳ್ಳಿ ಅಳಿವೆಯ ಹತ್ತಿರ ಅಮ್ಮನ ತವರು. ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಜಾಗ. ಅಲ್ಲಿ ಅಜ್ಜಯ್ಯ ಬೀಸುಬಲೆ ಹಾಕುತ್ತಿದ್ದರಂತೆ. ಬಲೆಯ ನೆರಳು ಬಿದ್ದರೆ ಸಾಕು, ಕಾಣೆ ಹೊಯ್ಗೆಯೊಳಗೆ, ಅಂದರೆ ಮರಳೊಳಗೆ, ಹೋಗಿಬಿಡುತ್ತಿತ್ತು. ಬಲೆ ಎಳೆದರೆ ಖಾಲಿ. ಆಗ ಅಜ್ಜಯ್ಯ ಮೊಣಕಾಲು ನೀರಲ್ಲಿ ನಿಧಾನ ಹೆಜ್ಜೆ ಹಾಕುತ್ತ ಬರಿಗಾಲಿನಲ್ಲೇ ತಡಕುತ್ತಿದ್ದರು. ಅಂಗಾಲಿನ ಕೆಳಗೆ ಏನೋ ಮಿಸುಕಿದರೆ ಹಾಗೇ ಒತ್ತಿ ಹಿಡಿದು ಬಗ್ಗಿ ಎತ್ತುತ್ತಿದ್ದರು. 'ಕಾಲಿಗೆ ಸಿಕ್ಕದ್ದನ್ನ ಹಿಡುದು, ಸಿಕ್ಕದ್ದಿದ್ರೆ ಬಿಡುದು. ಹೊಯ್ಗಿ ಕೆದ್ಕುಕೆ ಹೋಪುದಿಲ್ಲೆ' ಅಂದರು. ಆಮೇಲೆ ನನ್ನ ಕೈಯಲ್ಲಿದ್ದ ಸಟ್ಟುಗ ತೆಗೆದುಕೊಂಡು ಅಡುಗೆಮನೆಗೆ ಹೋದರು. ಹೌದು, ಈ ಸಲವೂ ನನ್ನ ಕೈಯಲ್ಲಿ ಸಟ್ಟುಗ ಇತ್ತು.

ಕಾಣದೆ ಹೋಗುವುದಕ್ಕೇ ಕಾಣೆ ಅಂತ ಹೆಸರು ಬಂತೋ, ಅದು ಬರೀ ಕಾಕತಾಳೀಯವೋ, ಭಾಷೆ ಬಲ್ಲವರು ಹೇಳಬೇಕು. ನನಗೆ ಅಷ್ಟು ಸಾಕಾಯಿತು. ಮರಳಲ್ಲಿ ಹೂತುಕೊಳ್ಳುವುದು ಕಾಯಿಲೆ ಅಲ್ಲ, ಮೀನಿನ ಬಾಳುವೆ ಅಂತ ನಮ್ಮ ಮನೆಯಲ್ಲೇ ಗೊತ್ತಿತ್ತು. ನಾನು ಅದನ್ನು ಇಂಗ್ಲಿಷಿನಲ್ಲಿ ಓದಿ ಕಲಿಯುತ್ತಿದ್ದೆ, ಕಲಿತರೂ ನಂಬಿರಲಿಲ್ಲ.

ಆರು, ಏಳು, ಎಂಟು. ದಿನಾ ಅಮೋನಿಯಾ ನೋಡುತ್ತಿದ್ದೆ. ಸೊನ್ನೆ. ಸತ್ತಿದ್ದರೆ ಅಂಕಿ ಏರಬೇಕಿತ್ತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಷ್ಟು ದೊಡ್ಡ ಟ್ಯಾಂಕಿನಲ್ಲಿ ಬೆರಳುದ್ದದ ಮೀನು ಸತ್ತರೆ ಕಿಟ್ಟಿಗೆ ಗೊತ್ತೇ ಆಗದಿರಬಹುದು ಅಂತಲೂ ಗೊತ್ತಿತ್ತು. ಆ ಎರಡನೇ ಮಾತನ್ನು ಜೋರಾಗಿ ಯೋಚಿಸುತ್ತಿರಲಿಲ್ಲ. ಹತ್ತನೇ ದಿನ ಅಮ್ಮ ಊರಿಗೆ ಹೊರಟರು. ಬಸ್ ಹತ್ತುವಾಗ 'ಹಸ್ವಾದ್ರೆ ಅದೇ ಬತ್ತ್' ಅಂದರು.

ಹನ್ನೊಂದು ದಿನ ಪೂರ್ತಿ ಕಳೆಯಿತು. ಹನ್ನೆರಡನೇ ದಿನ ಬೆಳಿಗ್ಗೆ ಏಳೂವರೆಗೆ ಮಗಳು ಶೂ ಹಾಕಿಕೊಳ್ಳುತ್ತಿದ್ದವಳು ಕೂಗಿದಳು. ಮರಳಿನಿಂದ ಒಂದು ಕಣ್ಣು ಮೇಲೆ ಬಂದಿತ್ತು. ಕಣ್ಣು ಮಾತ್ರ. ಅದು ಗಿರಗಿರ ತಿರುಗಿ ಆ ಕಡೆ ಈ ಕಡೆ ನೋಡಿತು. ಐದು ನಿಮಿಷ ಬಿಟ್ಟು ಮೂತಿ. ಆಮೇಲೆ ಇಡೀ ಮೀನು ಮೈ ಕೊಡವಿಕೊಂಡು ಎದ್ದು, ಏನೂ ಆಗಿಲ್ಲ ಅನ್ನುವ ಹಾಗೆ ಬಂಡೆಯ ಹತ್ತಿರ ಹೋಗಿ ಒಂದು ಕೋಪಿಪಾಡ್ ಹೆಕ್ಕಿತು. ಮಗಳಿಗೆ ಶಾಲೆಯ ವ್ಯಾನ್ ತಪ್ಪಿತು. ನಾನೇ ಬಿಟ್ಟು ಬಂದೆ. ದಾರಿಯಲ್ಲಿ ಹೆಸರು ನಿರ್ಧಾರವಾಯಿತು.

ಊಟ ಕಲಿಸಲು ಇನ್ನೂ ಒಂದೂವರೆ ತಿಂಗಳು ಬೇಕಾಯಿತು. ಆರ್ಟೀಮಿಯಾ ಮೊಟ್ಟೆಯನ್ನು ಉಪ್ಪು ನೀರಲ್ಲಿ ಹಾಕಿ ಗಾಳಿ ಬಿಟ್ಟರೆ ಒಂದು ದಿನಕ್ಕೆ ಮರಿ ಆಗುತ್ತದೆ. ದಿನಾ ಒಂದು ಬಾಟಲಿ ಇಡುತ್ತಿದ್ದೆ, ಮೊಸರಿಗೆ ಹೆಪ್ಪು ಹಾಕಿದಷ್ಟೇ ಅಭ್ಯಾಸವಾಯಿತು. ಜೀವಂತ ಮರಿಗಳ ಮಧ್ಯೆ ಸ್ವಲ್ಪ ಸ್ವಲ್ಪ ಮೈಸಿಸ್ ಎಂಬ ಫ್ರೋಜನ್ ಪುಟ್ಟ ಸೀಗಡಿ ಸೇರಿಸಿದೆ. ಮೊದಲು ತಲೆ ಓರೆ ಮಾಡಿ ನೋಡಿ ಬಿಡುತ್ತಿತ್ತು. ಈ ಓರೆನೋಟ ಅದರ ವಿಶೇಷ. ಪ್ರತಿ ಚೂರನ್ನೂ ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ಪರೀಕ್ಷಿಸುತ್ತದೆ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುವವರ ಹಾಗೆ. ಈಗ ದಿನಕ್ಕೆ ನಾಲ್ಕು ಸಲ ಹಾಕುತ್ತೇವೆ. ಮಧ್ಯದ ಹೊತ್ತಿನಲ್ಲಿ ಅದು ತನ್ನ ಪಾಡಿಗೆ ಬಂಡೆ ಬಂಡೆ ಸುತ್ತಿ ಹೆಕ್ಕುತ್ತಿರುತ್ತದೆ.

ಭಯದ ರಾತ್ರಿ ಒಂದೇ. ಕಳೆದ ವರ್ಷ ಏಪ್ರಿಲ್ ಮಳೆಗೆ ನಮ್ಮ ಬೀದಿಯಲ್ಲಿ ಮರ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರ್ ರಾತ್ರಿ ಎರಡಕ್ಕೆ ಕೈಕೊಟ್ಟಿತು. ಪಂಪು ನಿಂತರೆ ಶಾಖಕ್ಕಿಂತ ಮೊದಲು ತೊಂದರೆ ಆಗುವುದು ಆಮ್ಲಜನಕಕ್ಕೆ. ಬ್ಯಾಟರಿಯ ಸಣ್ಣ ಗಾಳಿ ಪಂಪು ಹಾಕಿ, ಸಾಲದೆ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಹೊಯ್ದೆವು. ನಾನು ಅರ್ಧ ಗಂಟೆ, ಹೆಂಡತಿ ಅರ್ಧ ಗಂಟೆ. ಉಳಿದ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಮರಳೊಳಗೆ ಮಲಗಿದ್ದ ಚುಕ್ಕಿಯ ಕಥೆ ಏನು ಅಂತ ತಿಳಿಯುವ ದಾರಿಯೇ ಇರಲಿಲ್ಲ. ಎಬ್ಬಿಸೋಣವಾ ಅಂತ ಹೆಂಡತಿ ಕೇಳಿದಳು. ಬೇಡ ಅಂದೆ. ಬೆಳಿಗ್ಗೆ ಏಳೂಕಾಲಿಗೆ, ತನ್ನ ಸಮಯಕ್ಕೆ ಸರಿಯಾಗಿ, ಎದ್ದು ಬಂತು.

ಇದನ್ನೆಲ್ಲ ಓದಿ ಯಾರಾದರೂ ಈ ಮೀನು ತರಲು ಹೊರಟರೆ ನನಗೆ ಕಸಿವಿಸಿ. ಅಂಗಡಿಗೆ ಬರುವ ಲೆಪರ್ಡ್‌ಗಳು ಹೆಚ್ಚುಕಡಿಮೆ ಎಲ್ಲ ಸಮುದ್ರದಲ್ಲಿ ಹಿಡಿದವು. ಚುಕ್ಕಿ ಬದುಕಿತು. ಆದರೆ ಅದರ ಜೊತೆಗೆ ಹಿಡಿದ ಎಷ್ಟು ಮೀನು ಬಾಯಿ ಒಡೆದುಕೊಂಡು ದಾರಿಯಲ್ಲೇ ಹೋದವೋ. ನನ್ನ ಮೊದಲನೆಯದೂ ಆ ಲೆಕ್ಕದಲ್ಲೇ ಸೇರುತ್ತದೆ. ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಮೂರನೆಯದು ತರುವುದಿಲ್ಲ ಅಂತ ಮಾತ್ರ ತೀರ್ಮಾನ ಮಾಡಿದ್ದೇನೆ. ಯಾರಾದರೂ ಸಲಹೆ ಕೇಳಿದರೆ ಒಂದು ವರ್ಷ ಹಳೆಯ ಟ್ಯಾಂಕು ಇದೆಯಾ, ರಾತ್ರಿ ಟಾರ್ಚ್ ಹಾಕಿದರೆ ಗಾಜಿನ ಮೇಲೆ ರವೆ ಓಡುತ್ತದಾ ಅಂತ ಕೇಳುತ್ತೇನೆ. ಮೇಲೆ ಬಲೆಯ ಮುಚ್ಚಳ ಇದೆಯಾ ಅಂತಲೂ. ಹೆದರಿದರೆ ಇದು ಕೆಳಕ್ಕೆ ನುಗ್ಗುವಷ್ಟೇ ಸಲೀಸಾಗಿ ಮೇಲಕ್ಕೂ ಹಾರುತ್ತದೆ.

ಈಚೆಗೆ ಮನೆಯಲ್ಲಿ ಒಂದು ಹೊಸ ಸಮಸ್ಯೆ. ಈ ಜಾತಿಯಲ್ಲಿ ಎಲ್ಲವೂ ಮೊದಲು ಹೆಣ್ಣು. ಗುಂಪಿನಲ್ಲಿ ದೊಡ್ಡದು ಗಂಡಾಗುತ್ತದೆ. ಒಂಟಿಯಾಗಿ ಇದ್ದರೂ ಆಗಬಹುದು, ಅದನ್ನು ತಡೆಯುವ ಗಂಡು ಇಲ್ಲವಲ್ಲ. ನಾಲ್ಕೈದು ತಿಂಗಳಿಂದ ಚುಕ್ಕಿಯ ಎದೆಯ ಕಪ್ಪು ಮಾಸುತ್ತಿದೆ. ಕಿತ್ತಳೆ ಕೆಂಪಾಗುತ್ತಿದೆ. ತಲೆಯ ಮೇಲೆ ಹಸಿರು ಗೆರೆ ಮೂಡಿದೆ. ಬೆನ್ನಿನ ಬಿಳಿ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಉದ್ದವಾಗುತ್ತಿವೆ. ಚುಕ್ಕಿ ಇಟ್ಟು ರಂಗೋಲಿ ಎಳೆಯುವಾಗ ಅರ್ಧದಲ್ಲಿ ಇರುತ್ತದಲ್ಲ, ಕೆಲವು ಕಡೆ ಇನ್ನೂ ಚುಕ್ಕಿ, ಕೆಲವು ಕಡೆ ಗೆರೆ, ಈಗ ಹಾಗಿದೆ. ಇನ್ನು ಸ್ವಲ್ಪ ದಿನಕ್ಕೆ ಮೈಮೇಲೆ ಒಂದು ಚುಕ್ಕಿಯೂ ಉಳಿಯಲಿಕ್ಕಿಲ್ಲ. ಹೆಸರು ಬದಲಾಯಿಸೋಣವಾ ಅಂತ ಮಗಳನ್ನು ಕೇಳಿದೆ. 'ನನಗೆ ಹಲ್ಲು ಬಿದ್ದಾಗ ನನ್ನ ಹೆಸರು ಬದಲಾಯಿಸಿದ್ರಾ?' ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಅಮ್ಮ ಈಗ ದಿನಾ ಸಂಜೆ ಆರೂವರೆಗೆ ಫೋನ್ ಮಾಡುತ್ತಾರೆ. ಮೊದಲು ಮಗಳ ಹೋಮ್‌ವರ್ಕ್, ಆಮೇಲೆ ಊರಿನ ಮಳೆ, ಆಮೇಲೆ ಈ ವಾರ ಕಾಣೆಯ ರೇಟು. ಕೊನೆಗೆ ಅದರ ವಿಷಯ. ಇವತ್ತೂ ಕೇಳಿದರು. ಮಗಳು ಫೋನ್ ಹಿಡಿದುಕೊಂಡೇ ಟ್ಯಾಂಕಿನ ಹತ್ತಿರ ಓಡಿ, ಬಗ್ಗಿ, ಬಲಮೂಲೆ ನೋಡಿ ಬಂದಳು.

'ಕಾಣ್ತಿಲ್ಲ ಅಜ್ಜಿ.'

'ಹಾಂಗಾರೆ ಸರಿ' ಅಂದರು ಅಮ್ಮ.